ಅಮೆರಿಕದ ಹಳೇ ಕೌಂಟಿ ಕೋರ್ಟ್ ಕಾಗದಗಳಲ್ಲಿ ಸೊಸೆಯ ಮನೆತನದವರನ್ನು ಹುಡುಕುವುದು ಹೇಗೆ?

ನಿಮ್ಮ ಸೊಸೆ ಕೆಂಟಕಿಯವಳು, 1850ರ ಜನಗಣತಿವರೆಗೆ ಅವಳ ಹಿರಿಯರು ಸಿಕ್ಕಿದ್ದಾರೆ, ಅದರ ಹಿಂದಕ್ಕೆ ಹೋಗಲು ಆಗುತ್ತಿಲ್ಲ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿನಲ್ಲಿ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತದೆ. ನಮ್ಮ ಯಜಮಾನರ ಕಡೆಯವರೂ ಕೆಂಟಕಿಯವರೇ. ಅವರ ವಂಶಾವಳಿ ಹುಡುಕುತ್ತಾ ಈ ಕಾಗದಗಳ ಸಹವಾಸ ನನಗೆ ಚೆನ್ನಾಗಿ ಆಗಿದೆ.

1850ರಲ್ಲೇ ಎಲ್ಲರೂ ನಿಂತುಬಿಡಲು ಕಾರಣವಿದೆ. 1790ರಿಂದ 1840ರವರೆಗಿನ ಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು. ಹೆಂಡತಿ, ಮಕ್ಕಳು ಬರೀ ಅಂಕಿಗಳು. ಕೆಂಟಕಿಯಲ್ಲಿ ಜನನ ಮರಣ ನೋಂದಣಿ ರಾಜ್ಯದ ಮಟ್ಟದಲ್ಲಿ ಸರಿಯಾಗಿ ಶುರುವಾಗಿದ್ದೇ 1911ರಲ್ಲಿ. ಹಾಗಾಗಿ 1850ಕ್ಕೂ ಹಿಂದಿನವರ ಹೆಸರು ಬೇಕಿದ್ದರೆ ಜಮೀನು, ಸಾಲ, ಜಗಳ ಇದ್ದ ಕಡೆ ಹುಡುಕಬೇಕು. ಅವೆಲ್ಲ ಬಂದು ಸೇರುತ್ತಿದ್ದದ್ದು ಕೌಂಟಿಯ ಕೋರ್ಟುಗಳಿಗೆ.

ಎಲ್ಲರೂ ಮೊದಲು ಉಯಿಲು ಹುಡುಕುತ್ತಾರೆ. ಹುಡುಕಿ, ಬೇಡ ಅನ್ನುವುದಿಲ್ಲ. ಆದರೆ ಉಯಿಲು ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಎಷ್ಟೋ ಉಯಿಲುಗಳಲ್ಲಿ ‘ನನ್ನ ಹೆಂಡತಿಗೆ, ನನ್ನ ಎಲ್ಲ ಮಕ್ಕಳಿಗೆ’ ಅಂತಷ್ಟೇ ಇರುತ್ತದೆ, ಒಬ್ಬರ ಹೆಸರೂ ಇರುವುದಿಲ್ಲ. ಉಯಿಲು ಬರೆಯದೆ ಸತ್ತವರ ಕಾಗದಗಳಲ್ಲೇ ಎಷ್ಟೋ ಸಲ ಜಾಸ್ತಿ ವಿವರ ಸಿಗುತ್ತದೆ.

ನಮ್ಮತ್ತೆಯ ಕಡೆಯ ಹಿರಿಯರೊಬ್ಬರು 1830ರ ದಶಕದಲ್ಲಿ ಹಾಗೇ ಸತ್ತರು. ಆಗ ಕೋರ್ಟು ಒಬ್ಬರನ್ನು ಆಸ್ತಿ ನೋಡಿಕೊಳ್ಳಲು ನೇಮಿಸುತ್ತಿತ್ತು. ಅಕ್ಕಪಕ್ಕದ ರೈತರು ಬಂದು ಮನೆಯ ಒಂದೊಂದು ಸಾಮಾನಿಗೂ ಬೆಲೆ ಕಟ್ಟುತ್ತಿದ್ದರು. ಆಮೇಲೆ ಹರಾಜು. ಆ ಹರಾಜಿನ ಪಟ್ಟಿ ಉಳಿದಿದೆ. ನೇಗಿಲು, ಕೊಡಲಿ, ಹಾಸಿಗೆ, ನೂಲುವ ರಾಟೆ, ಹಸು. ಪ್ರತಿ ಸಾಲಿನ ಎದುರು ಕೊಂಡವರ ಹೆಸರು, ಕೊಟ್ಟ ಬೆಲೆ. ರಾಟೆ ಮತ್ತು ಹಸುವಿನ ಎದುರು ಅವರ ಹೆಂಡತಿಯ ಹೆಸರಿತ್ತು. ತಾನು ಇಷ್ಟು ವರ್ಷ ನೂತ ರಾಟೆಯನ್ನು ಆ ಹೆಣ್ಣುಮಗಳು ಹರಾಜಿನಲ್ಲಿ ಕೂಗಿ ಕೊಂಡಿದ್ದಾಳೆ. ಅದುವರೆಗೆ ಅವಳ ಹೆಸರೇನು ಅಂತಲೇ ನಮಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಜಮೀನಿನ ಪಾಲಿನ ದಾವೆ. ನಮ್ಮ ಕಡೆ ಪಾಲುಪಟ್ಟಿ ನೋಡಿದವರಿಗೆ ಇದೇನೂ ಹೊಸದಲ್ಲ, ಅಲ್ವಾ? ಉಯಿಲಿಲ್ಲದಿದ್ದರೆ ಅಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾದ ಹೆಣ್ಣುಮಕ್ಕಳ ಪಾಲಿನ ಮೇಲೆ ಗಂಡನಿಗೆ ಹಕ್ಕಿತ್ತು, ಹಾಗಾಗಿ ಅಳಿಯಂದಿರೂ ದಾವೆಯಲ್ಲಿ ಸೇರಬೇಕಿತ್ತು. ಇದರಿಂದ ನಮಗೆ ಎಷ್ಟು ಲಾಭ ನೋಡಿ. ಯಾವ ಮಗಳು ಯಾರನ್ನು ಮದುವೆಯಾದಳು, ಯಾವ ಮಗ ಮಿಸೂರಿಗೆ ಹೋಗಿ ನೆಲೆಸಿದ, ಸತ್ತುಹೋದ ಮಗಳ ಮಕ್ಕಳು ಯಾರು, ಎಲ್ಲ ಒಂದೇ ಅರ್ಜಿಯಲ್ಲಿ. ಇಂಥ ದಾವೆಗಳು ಸಾಮಾನ್ಯವಾಗಿ ಸರ್ಕ್ಯೂಟ್ ಕೋರ್ಟಿನ, ಅಂದರೆ ದಾವೆಗಳ ವಿಚಾರಣೆ ನಡೆಸುವ ಕೋರ್ಟಿನ, ಕಡತಗಳಲ್ಲಿ ಇರುತ್ತವೆ. ಕ್ರಯಪತ್ರ, ಉಯಿಲು, ಮದುವೆ ಕಾಗದ ಕೌಂಟಿ ಕ್ಲರ್ಕ್ (ಕೌಂಟಿಯ ದಾಖಲೆ ಇಡುವ ಅಧಿಕಾರಿ) ಹತ್ತಿರ. ಎರಡೂ ಬೇರೆ ಬೇರೆ ಕಚೇರಿ. ಹಳೇ ದಾವೆ ಕಡತಗಳು ಬಹಳಷ್ಟು ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿವೆ.

ಕ್ರಯಪತ್ರದ ಸೂಚಿ ನೋಡುವಾಗ ಒಂದು ವಿಷಯ ನೆನಪಿಡಿ. ಏಳೆಂಟು ಜನ ವಾರಸುದಾರರು ಸೇರಿ ಜಮೀನು ಮಾರಿದ್ದರೆ ಸೂಚಿಯಲ್ಲಿ ಮೊದಲ ಹೆಸರು, ಪಕ್ಕದಲ್ಲಿ ‘ಮತ್ತಿತರರು’ ಅಂತ ಮಾತ್ರ ಇರಬಹುದು. ಆ ಮೊದಲ ಹೆಸರು ಅಳಿಯನದ್ದಾಗಿದ್ದರೆ ನಿಮ್ಮ ಮನೆತನದ ಹೆಸರಲ್ಲಿ ಎಷ್ಟು ಹುಡುಕಿದರೂ ಸಿಗದು. ಅಳಿಯಂದಿರ ಹೆಸರಲ್ಲೂ ಹುಡುಕಿ.

ಇನ್ನು ಕೌಂಟಿ ಯಾವುದು ಅನ್ನುವ ಪ್ರಶ್ನೆ. 1792ರಲ್ಲಿ ವರ್ಜೀನಿಯಾದಿಂದ ಬೇರೆಯಾಗಿ ರಾಜ್ಯವಾದಾಗ ಕೆಂಟಕಿಯಲ್ಲಿ ಇದ್ದದ್ದು 9 ಕೌಂಟಿ. ಒಡೆದು ಒಡೆದು 1912ರ ಹೊತ್ತಿಗೆ 120 ಆದವು. ಜಮೀನು ಅಲ್ಲೇ ಇದ್ದರೂ ಕೌಂಟಿ ಬದಲಾಗುತ್ತಾ ಹೋಯಿತು. ಹಳೇ ಪುಸ್ತಕಗಳು ಮಾತ್ರ ಮೂಲ ಕೌಂಟಿಯಲ್ಲೇ ಉಳಿದವು. ಷಿಕಾಗೋದ ನ್ಯೂಬೆರಿ ಗ್ರಂಥಾಲಯದವರು ಕೌಂಟಿ ಗಡಿಗಳು ಯಾವ ವರ್ಷ ಎಲ್ಲಿದ್ದವು ಅಂತ ನಕ್ಷೆ ಮಾಡಿಟ್ಟಿದ್ದಾರೆ. ಮೊದಲು ಅದನ್ನು ನೋಡಿ, ಆಮೇಲೆ ಹುಡುಕಾಟ. ಅಮೆರಿಕದ ಅಂತರ್ಯುದ್ಧದಲ್ಲಿ ಕೆಂಟಕಿಯ ಹಲವು ಕೋರ್ಟ್ ಕಟ್ಟಡಗಳು ಸುಟ್ಟುಹೋದದ್ದೂ ನಿಜ. ಆದರೆ ಕಟ್ಟಡ ಸುಟ್ಟಿತು ಅಂದರೆ ಎಲ್ಲ ಹೋಯಿತು ಅಂತಲ್ಲ. ಕೆಲವು ಕಡೆ ಪುಸ್ತಕಗಳನ್ನು ಮೊದಲೇ ಹೊರಗೆ ಸಾಗಿಸಿದ್ದರು. ಜನ ಮನೆಯಲ್ಲಿದ್ದ ಕ್ರಯಪತ್ರ ತಂದು ಮತ್ತೆ ನೋಂದಾಯಿಸಿದ್ದೂ ಉಂಟು.

ನೀವು ಅಲ್ಲಿಗೆ ಹೋಗಬೇಕಿಲ್ಲ, ವಕೀಲರೂ ಬೇಡ. ಫ್ಯಾಮಿಲಿಸರ್ಚ್ ಅನ್ನುವ ಜಾಲತಾಣ ಉಚಿತ. ಅವರು 1938ರಲ್ಲೇ ಇಂಥ ಪುಸ್ತಕಗಳ ಮೈಕ್ರೋಫಿಲ್ಮ್ (ಪುಟಗಳ ಚಿಕ್ಕ ಫೋಟೋ) ತೆಗೆಯಲು ಶುರು ಮಾಡಿದ್ದರು. ಮುಖಪುಟದಲ್ಲಿ ಹೆಸರು ಹಾಕಿ ಸಿಗಲಿಲ್ಲ ಅಂತ ಬಿಡಬೇಡಿ. ಕ್ಯಾಟಲಾಗ್‌ಗೆ ಹೋಗಿ ಕೌಂಟಿ ಹೆಸರು ಹಾಕಿ, ಪುಸ್ತಕ ತೆರೆದು, ಹಿಂದಿನ ಕಾಲದಲ್ಲಿ ಓದುತ್ತಿದ್ದ ಹಾಗೆ ಹಾಳೆ ತಿರುವಿ. ಈಗ ಕೈಬರಹದ ಉಯಿಲು, ಕ್ರಯಪತ್ರಗಳ ಒಳಗೇ ಪದ ಹುಡುಕುವ ಸೌಲಭ್ಯವೂ ಅಲ್ಲಿದೆ. ಅದು ಬಂದ ಮೇಲೆ ಸಾಕ್ಷಿಯಾಗಿ ಸಹಿ ಹಾಕಿದ ನೆರೆಯವರೂ ಸಿಗುತ್ತಿದ್ದಾರೆ.

ಕೊನೆಯದಾಗಿ ಒಂದು ಮಾತು, ಇದನ್ನು ಹೇಳದೆ ಇರಲಾರೆ. ಆ ಬೆಲೆ ಕಟ್ಟಿದ ಪಟ್ಟಿಗಳಲ್ಲಿ ಹಸು, ನೇಗಿಲಿನ ಜೊತೆಗೇ ಮನುಷ್ಯರ ಹೆಸರು, ಪಕ್ಕದಲ್ಲಿ ಡಾಲರ್ ಲೆಕ್ಕ ಕಾಣಬಹುದು. ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು. 1850 ಮತ್ತು 1860ರ ಗಣತಿಯಲ್ಲಿ ಗುಲಾಮರ ವಯಸ್ಸು, ಲಿಂಗ ಬರೆದರೇ ಹೊರತು ಹೆಸರು ಬರೆಯಲಿಲ್ಲ. ಅವರ ಮರಿಮಕ್ಕಳಿಗೆ ತಮ್ಮ ಹಿರಿಯರ ಹೆಸರು ಸಿಗುವ ಒಂದೇ ಜಾಗ ಎಷ್ಟೋ ಸಲ ಈ ಪಟ್ಟಿಯೇ. ಕಂಡರೆ ಸುಮ್ನೆ ಮುಂದಿನ ಹಾಳೆಗೆ ಹೋಗಬೇಡಿ. ಪ್ರತಿ ಹೆಸರನ್ನೂ ಇದ್ದ ಹಾಗೇ ಬರೆದುಕೊಂಡು, ಪುಸ್ತಕ, ಪುಟ ಸಂಖ್ಯೆ ಸಮೇತ ಆ ಕೌಂಟಿಯ ವಂಶಾವಳಿ ಸಂಘಕ್ಕೆ ಕಳಿಸಿ.

1850ರಲ್ಲಿ ಅವರು ಯಾವ ಕೌಂಟಿಯಲ್ಲಿದ್ದರು ಅಂತ ಇಲ್ಲೇ ಕೆಳಗೆ ಬರೆಯಿರಿ. ಅದು ಯಾವ ಕೌಂಟಿಯಿಂದ ಒಡೆದದ್ದು, ಯಾವ ಪುಸ್ತಕದಿಂದ ಶುರು ಮಾಡಬಹುದು ಅಂತ ನೋಡಿ ಹೇಳುತ್ತೇನೆ.