ಇಸಿಜಿ ಗೆರೆ ನಡುಗಿದರೆ ಮೊದಲು ಏನು ನೋಡಬೇಕು?

ಪ್ರಶ್ನೆ: ಅಂಕೋಲಾ ಕಡೆಯ ಸಣ್ಣ ಕ್ಲಿನಿಕ್ ಒಂದರಲ್ಲಿ ಇಸಿಜಿ ತೆಗೆಯುತ್ತೇನೆ. ಮಳೆಗಾಲದಲ್ಲಂತೂ ಗೆರೆ ಸರಿ ಬರುವುದೇ ಇಲ್ಲ. ಒಮ್ಮೆ ಗರಗಸದ ಹಲ್ಲಿನಂತೆ ಬರುತ್ತದೆ, ಇನ್ನೊಮ್ಮೆ ಮೇಲೆ ಕೆಳಗೆ ತೇಲುತ್ತದೆ. ಮಷಿನ್‌ನ ಎಲ್ಲ ಫಿಲ್ಟರ್ ಯಾವಾಗಲೂ ಆನ್ ಇಟ್ಟರೆ ಸಾಕಲ್ವಾ?

ಉತ್ತರ: ಗೆರೆ ಚಂದ ಕಾಣುತ್ತದೆ, ನಿಜ. ಆದರೆ ಚರ್ಮದ ಮೇಲೆ ಸಿಗುವ ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್ ಅಷ್ಟೇ. ಬೇಡದ ಅಲೆಗಳನ್ನು ಸೋಸುವ ಫಿಲ್ಟರ್ ಅದರಲ್ಲೂ ಒಂದು ಪಾಲು ತಿನ್ನುತ್ತದೆ. ಹಾಗಾಗಿ ಅದಕ್ಕೆ ಕೊನೆಯ ಸರದಿ.

ಗಲಾಟೆ ಎಲ್ಲಿಂದ ಬಂತೆಂದು ಗೆರೆಯೇ ಹೇಳುತ್ತದೆ. ಪೇಪರ್ ಸೆಕೆಂಡಿಗೆ 25 ಮಿ.ಮೀ. ಓಡುವಾಗ ಒಂದು ಚಿಕ್ಕ ಚೌಕದಲ್ಲಿ ಎರಡೆರಡು ಸಮನಾದ ಹಲ್ಲು ಕಂಡರೆ ಅದು 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಅಲೆಯ ಕರೆಂಟ್. ಮಷಿನ್ ಅನ್ನು ಬ್ಯಾಟರಿಗೆ ಹಾಕಿ, ಪಕ್ಕದ ಚಾರ್ಜರ್ ಕಿತ್ತು ನೋಡಿ. ಹೋಯಿತೆಂದರೆ ಅರ್ಥಿಂಗ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್ ಕರೆಸಿ. ಕ್ರಮವಿಲ್ಲದೆ ಕೂದಲೆಳೆಯಂತೆ ಬಂದರೆ ಸ್ನಾಯುವಿನ ನಡುಕ. ಮಳೆಯಲ್ಲಿ ನೆನೆದು ಬಂದವರಿಗೆ ಮೊದಲು ಮೈ ಒರೆಸಿ, ಹೊದಿಕೆ ಕೊಡಿ.

ತೇಲುವ ಗೆರೆಗೆ ಉಸಿರಾಟವೂ ಕಾರಣ. ಆದರೆ ನಮ್ಮ ಕರಾವಳಿಯಲ್ಲಿ ಬೆವರಿನದ್ದೇ ಜಾಸ್ತಿ ಕಾಟ. ಅದು ಮೈಮೇಲೆ ಕೂರಿಸುವ ಎಲೆಕ್ಟ್ರೋಡ್ ಅನ್ನು ಸಡಿಲ ಮಾಡುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕೂದಲಿದ್ದರೆ ತೆಗೆದು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಜೆಲ್ ಧಾರಾಳವಾಗಿ ಬಳಿಯಬೇಡಿ! ಎದೆಯ ಮೇಲೆ ಒಂದು ಬಲ್ಬಿನ (ರಬ್ಬರ್ ಚೆಂಡಿನ ಎಲೆಕ್ಟ್ರೋಡ್) ಜೆಲ್ ಪಕ್ಕದ್ದಕ್ಕೆ ತಾಗಿದರೆ ವಿ1, ವಿ2, ವಿ3 ಎಂಬ ಎದೆಯ ಗೆರೆಗಳು ಎಲ್ಲ ಒಂದೇ ತರ ಬರುತ್ತವೆ. ಕೈಕಾಲಿನ ಗೆರೆಗಳಲ್ಲಿ ಲೀಡ್ 1 ಚೊಕ್ಕ ಇದ್ದು 2 ಮತ್ತು 3 ಮಾತ್ರ ಕೆಟ್ಟಿದ್ದರೆ, ಆ ಎರಡಕ್ಕೂ ಸೇರಿದ ಎಡಗಾಲಿನ ಕ್ಲಾಂಪ್ ನೋಡಿ.

ಇಷ್ಟಾದರೂ ಹಲ್ಲು ಹೋಗದಿದ್ದರೆ 50 ಹರ್ಟ್ಸ್ ಫಿಲ್ಟರ್ ಹಾಕಿ, ಅಷ್ಟೇನೂ ತೊಂದರೆಯಿಲ್ಲ. 40 ಹರ್ಟ್ಸ್‌ಗಿಂತ ವೇಗದ ಅಲೆ ತಡೆಯುವ ಸ್ನಾಯು ಫಿಲ್ಟರ್ ಬಗ್ಗೆ ಮಾತ್ರ ಹುಷಾರು. ಅದು ಕ್ಯೂಆರ್‌ಎಸ್‌ನ (ಪ್ರತಿ ಬಡಿತದ ಚೂಪು ಅಲೆ) ಎತ್ತರ ತಗ್ಗಿಸಿ, ಸಣ್ಣ ಏರುಪೇರುಗಳನ್ನು ಅಳಿಸಿಬಿಡುತ್ತದೆ. ದೊಡ್ಡವರ ಇಸಿಜಿಗೆ 150 ಹರ್ಟ್ಸ್‌ವರೆಗಿನ ಅಲೆಗಳನ್ನು ಬಿಡಬೇಕು. ತೇಲುವಿಕೆ ತಡೆಯುವ ಫಿಲ್ಟರ್ ಇನ್ನೂ ಅಪಾಯ. ಹಳೆಯ ಮಷಿನ್‌ಗಳಲ್ಲಿ 0.5 ಹರ್ಟ್ಸ್‌ಗೆ ಇಟ್ಟರೆ ಕ್ಯೂಆರ್‌ಎಸ್‌ ಆದ ಮೇಲೆ ಬರುವ ಎಸ್‌ಟಿ ಭಾಗ ಸುಳ್ಳೇ ಏರಬಹುದು ಅಥವಾ ಇಳಿಯಬಹುದು. ಹಾರ್ಟ್ ಅಟ್ಯಾಕ್ ಗುರುತಿಸಲು ಡಾಕ್ಟರು ನೋಡುವುದೇ ಅದನ್ನು.

ಎದೆನೋವಿನ ರೋಗಿ ಮಲಗಿರುವಾಗ ಮಾತ್ರ ಗೆರೆ ತಿದ್ದುತ್ತ ಕೂರಬೇಡಿ. ಸಿಕ್ಕಿದ್ದನ್ನು ತೆಗೆದು ಡಾಕ್ಟರಿಗೆ ತೋರಿಸಿ, ಆಮೇಲೆ ಇನ್ನೊಂದು ತೆಗೆಯಿರಿ. ಕಾರವಾರಕ್ಕೋ ಮಣಿಪಾಲಕ್ಕೋ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವುದಾದರೆ, ಪೇಪರಿನ ಅಂಚಿನಲ್ಲಿ ಅಚ್ಚಾಗಿರುವ ಫಿಲ್ಟರ್ ಸಂಖ್ಯೆಯೂ ಕಾಣುವಂತೆ ತೆಗೆಯಿರಿ.