ಬ್ಲೂಗಿಲ್ ಮೀನಿಗೆ ಮನೆಯಲ್ಲೇ ಫ್ಲೈ ಕಟ್ಟಿಕೊಳ್ಳಲು ಎಲ್ಲಿಂದ ಆರಂಭಿಸಬೇಕು?

ಅಮೆರಿಕದಲ್ಲಿ ನಿಮ್ಮ ಮನೆಯ ಹತ್ತಿರದ ಕೆರೆಯಲ್ಲಿ ಬ್ಲೂಗಿಲ್, ಪಂಪ್ಕಿನ್‌ಸೀಡ್‌ನಂಥ ಸಣ್ಣ ಮೀನುಗಳಿವೆ, ಅವುಗಳಿಗೆ ಬೇಕಾದ ಫ್ಲೈಗಳನ್ನು (ಕೊಕ್ಕೆಯ ಮೇಲೆ ನೂಲು ಮುಂತಾದವನ್ನು ಸುತ್ತಿ ಹುಳುವಿನಂತೆ ಕಾಣಿಸುವ ಕೃತಕ ಗಾಳಗಳನ್ನು) ಕೊಳ್ಳದೆ ಮನೆಯಲ್ಲೇ ಕಟ್ಟಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಟ್ಟಬಹುದು. ನಾನಿರುವ ಇಲಿನಾಯ್‌ನಲ್ಲಿ ಬ್ಲೂಗಿಲ್ಲೇ ರಾಜ್ಯದ ಅಧಿಕೃತ ಮೀನು, ನಾನು ಕಟ್ಟುವುದನ್ನು ಕಲಿತದ್ದೂ ಅದಕ್ಕಾಗಿಯೇ.

ಮೊದಲು ಆ ಮೀನಿನ ಬಾಯಿಯನ್ನು ನೋಡಬೇಕು. ಅಂಗೈಯಗಲದ ಮೀನಿಗೂ ಬಾಯಿ ಬಹಳ ಚಿಕ್ಕದು. ಅದು ಫ್ಲೈ ಮೇಲೆ ಎರಗುವುದಕ್ಕಿಂತ ಹೆಚ್ಚಾಗಿ, ಒಂದಂಗುಲ ದೂರದವರೆಗೆ ಬಂದು, ಎದೆಯ ರೆಕ್ಕೆಗಳನ್ನಷ್ಟೇ ಆಡಿಸುತ್ತ ನೀರಲ್ಲಿ ನಿಂತು, ದಿಟ್ಟಿಸಿ ನೋಡಿ, ಆಮೇಲೆ ಒಂದೇ ಸಲಕ್ಕೆ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಫ್ಲೈ ಸಣ್ಣದಾಗಿರಬೇಕು, ನಿಧಾನವಾಗಿ ಚಲಿಸಬೇಕು, ನಿಂತಲ್ಲೇ ಇದ್ದಾಗಲೂ ಅದರಲ್ಲಿ ಏನೋ ಒಂದು ಅಲುಗಾಡುತ್ತಿರಬೇಕು. ಬಣ್ಣದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕಪ್ಪು ಮತ್ತು ಹಳದಿ ಸಾಕು.

ಆರಂಭಕ್ಕೆ ತೇಲುವ ಜೇಡವನ್ನೇ ಕಟ್ಟಿ. ಹತ್ತನೆಯ ನಂಬರಿನ, ಉದ್ದ ಕಡ್ಡಿಯ ಕೊಕ್ಕೆ ತೆಗೆದುಕೊಳ್ಳಿ (ನಂಬರು ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುತ್ತದೆ ಎಂಬುದು ನೆನಪಿರಲಿ). ಕಡ್ಡಿ ಉದ್ದವಿದ್ದರೆ ಆ ಚಿಕ್ಕ ಬಾಯಿಯಿಂದ ಕೊಕ್ಕೆ ಬಿಡಿಸುವುದು ಸುಲಭ. ಅದನ್ನು ವೈಸ್‌ಗೆ (ಕಟ್ಟುವಾಗ ಕೊಕ್ಕೆಯನ್ನು ಬಿಗಿಯಾಗಿ ಹಿಡಿದಿಡುವ ಸಾಧನಕ್ಕೆ) ಸಿಕ್ಕಿಸುವ ಮೊದಲೇ ತುದಿಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಕಡ್ಡಿಯ ಮೇಲೆ ನೂಲನ್ನು ಒತ್ತೊತ್ತಾಗಿ ಸುತ್ತಿ, ಮಕ್ಕಳ ಕರಕುಶಲಕ್ಕೆ ಮಾರುವ ಎರಡು ಮಿಲಿಮೀಟರ್ ದಪ್ಪದ ಫೋಮ್‌ನ ಸಣ್ಣ ಪಟ್ಟಿಯೊಂದನ್ನು ಕೊಕ್ಕೆ ಬಾಗುವ ಜಾಗದಲ್ಲಿ ಕಟ್ಟಿ, ನೂಲನ್ನು ಮುಂದಕ್ಕೆ ತಂದು, ಪಟ್ಟಿಯನ್ನು ಮಡಚಿ ಮತ್ತೆ ಬಿಗಿಯಿರಿ. ಆ ಕಟ್ಟಿನ ಎರಡೂ ಬದಿಗೆ ತೆಳು ರಬ್ಬರ್ ಎಳೆಗಳನ್ನು ಕಾಲುಗಳಾಗಿ ಸೇರಿಸಿ, ಗಂಟು ಹಾಕಿ, ಗಂಟಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಚ್ಚಿ. ನೂಲನ್ನು ಅತಿಯಾಗಿ ಎಳೆದರೆ ಫೋಮ್ ಕತ್ತರಿಸಿಹೋಗುತ್ತದೆ. ಮೊದಲೆರಡು ಸುತ್ತು ಸಡಿಲವಾಗಿರಲಿ, ಆಮೇಲಿನವು ಬಿಗಿಯಾಗಲಿ.

ಕೊಕ್ಕೆಯ ಕಣ್ಣಿನ ಹಿಂದೆ ಸ್ವಲ್ಪ ಜಾಗವನ್ನು ಖಾಲಿ ಬಿಡಲೇಬೇಕು. ನನ್ನ ಮೊದಲ ಫ್ಲೈಗಳಲ್ಲಿ ನೂಲೂ ಪಾಲಿಶೂ ಕಣ್ಣಿನೊಳಗೆ ಸೇರಿ ಗಟ್ಟಿಯಾಗಿದ್ದವು. ಕೆರೆಯ ದಂಡೆಯಲ್ಲಿ ನಿಂತು ದಾರ ಪೋಣಿಸಲು ಹೋದಾಗಲೇ ಅದು ತಿಳಿದದ್ದು. ಆ ಸಂಜೆಯ ಒಳ್ಳೆಯ ಬೆಳಕೆಲ್ಲ ಸೂಜಿಯಿಂದ ಕಣ್ಣು ಬಿಡಿಸುವುದರಲ್ಲೇ ಕಳೆಯಿತು.

ಬಿಸಿಲೇರಿ ಮೀನು ಆಳಕ್ಕಿಳಿದಾಗ ಮುಳುಗುವ ಫ್ಲೈ ಬೇಕಾಗುತ್ತದೆ. ಫೋಮ್ ಬದಲು ಶೆನಿಲ್ ಎಂಬ ಮೃದುವಾದ ಜುಂಗುದಾರವನ್ನು ಸುತ್ತಿ, ಅದೇ ರಬ್ಬರ್ ಕಾಲುಗಳನ್ನು ಇಟ್ಟರೆ ಆಯಿತು. ಭಾರಕ್ಕೆಂದು ಸೀಸದ ತಂತಿ ಸುತ್ತಬೇಡಿ: ಕಳೆದುಹೋದ ಗಾಳದ ಸೀಸವನ್ನು ನುಂಗಿ ಲೂನ್‌ನಂಥ ನೀರುಹಕ್ಕಿಗಳು ಸಾಯುತ್ತವೆ. ಬ್ಲೂಗಿಲ್‌ಗೆ ಹೇಗೂ ಅಷ್ಟು ಭಾರ ಬೇಕಿಲ್ಲ, ನಿಧಾನವಾಗಿ ಇಳಿಯುವುದನ್ನೇ ಅದು ಹೆಚ್ಚು ಇಷ್ಟಪಡುತ್ತದೆ.

ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಗಂಡು ಬ್ಲೂಗಿಲ್‌ಗಳು ದಂಡೆಯ ಬಳಿ ಬಾಲದಿಂದ ಗುಡಿಸಿ ತಟ್ಟೆಯಂಥ ಗುಳಿಗಳನ್ನು ಮಾಡಿ ಮೊಟ್ಟೆ ಕಾಯುತ್ತವೆ. ಆಗ ಯಾವ ಫ್ಲೈಯನ್ನಾದರೂ ಕಚ್ಚುತ್ತವೆ, ಆದರೆ ಕಾವಲಿನ ಗಂಡನ್ನು ಒಯ್ದರೆ ಉಳಿದ ಮೀನುಗಳು ಆ ಮೊಟ್ಟೆಗಳನ್ನು ತಿಂದುಬಿಡುತ್ತವೆ. ಆ ದಿನಗಳಲ್ಲಿ ದೊಡ್ಡ ಗಂಡುಗಳನ್ನು ಕೂಡಲೇ ಗುಳಿಯ ಹತ್ತಿರವೇ ನೀರಿಗೆ ಬಿಡಿ ಎಂಬುದು ನನ್ನ ವಿನಂತಿ.

ನಿಮ್ಮ ರಾಜ್ಯದ ಮೀನುಗಾರಿಕೆ ಲೈಸೆನ್ಸ್ ಮಾಡಿಸಿಕೊಂಡು, ಒಂದೇ ಬಗೆಯ ಆರು ಜೇಡಗಳನ್ನು ಕಟ್ಟಿ ಹೊರಡಿ. ಫ್ಲೈ ನೀರಿಗೆ ಬಿದ್ದ ಮೇಲೆ ಅದರ ಸುತ್ತಲಿನ ಅಲೆಗಳೆಲ್ಲ ಅಡಗುವವರೆಗೆ ಕಾದು, ಆಮೇಲೆ ಕಾಲುಗಳು ನಡುಗುವಷ್ಟು ಮಾತ್ರ ದಾರವನ್ನು ಎಳೆಯಿರಿ.