ಮಾರಾಟದಲ್ಲಿ ಗ್ರಾಹಕರ ನಂಬಿಕೆ ಗಳಿಸುವುದು ಹೇಗೆ?

ನಿಮಗೆ ನಷ್ಟವಾಗಬಹುದಾದ ನಿಜವನ್ನು ಗ್ರಾಹಕರು ಕೇಳುವ ಮೊದಲೇ ಹೇಳಿಬಿಡಿ. ಸರಕಿನ ಒಳಗುಟ್ಟು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಹೊಗಳಿಕೆಯನ್ನು ಅವರು ಅರ್ಧ ಕಳೆದೇ ಕೇಳುತ್ತಾರೆ. ಈ ಅನುಮಾನ ಒಳ್ಳೆಯ ಸರಕಿನ ಬೆಲೆಯನ್ನೂ ಇಳಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲೇ ಹಳೆ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದ್ದರು.

"ದಿನಕ್ಕೆ ಹತ್ತು ಪುಟ ತೆಗೆಯುವವರಿಗೆ ಈ ದೊಡ್ಡ ಪ್ರಿಂಟರ್ ದಂಡ, ಚಿಕ್ಕದೇ ಸಾಕು" ಎಂದು ಗ್ರಾಹಕರಿಗೆ ಹೇಳಿ ನೋಡಿ. ನಿಮ್ಮ ಲಾಭ ಕಡಿಮೆಯಾಗಿದ್ದು ಅವರಿಗೇ ಕಾಣುತ್ತದೆ, ಮುಂದಿನ ಮಾತಿಗೆ ತೂಕ ಬರುವುದು ಅದಕ್ಕೇ. ಪರಿಣತರೆನಿಸಿಕೊಳ್ಳುವ ದಾರಿಯೂ ಹೆಚ್ಚುಕಮ್ಮಿ ಇದೇ: ಯಾವುದು ಯಾರಿಗೆ ಹೊಂದುವುದಿಲ್ಲ ಎಂದು ಕಾರಣ ಸಮೇತ ಬಿಡಿಸಿ ಹೇಳುವುದು. ಸಣ್ಣ ಕುಂದೊಂದನ್ನು ಒಪ್ಪಿಕೊಂಡು ದೊಡ್ಡದನ್ನು ಮುಚ್ಚಿಡುವ ಚಾಲಾಕಿಗಳೂ ಇದ್ದಾರೆನ್ನಿ. ಮೊದಲ ರಿಪೇರಿಗೇ ಅವರ ಬಣ್ಣ ಬಯಲಾಗುತ್ತದೆ.